ಗಾಳಿಸುದ್ದಿಗೆ ಎರಡು ಟೀ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ನಾನು ದನಗಳಿಗೆ ಸೂಜಿ ಚುಚ್ಚಿಕೊಂಡು ಓಡಾಡಲು ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಇಷ್ಟು ವರ್ಷದಲ್ಲಿ ದನದ ಕಾಯಿಲೆಗಳ ಬಗ್ಗೆ ಕಲಿತದ್ದಕ್ಕಿಂತ ಗಾಳಿಸುದ್ದಿಗಳ ಬಗ್ಗೆ ಕಲಿತದ್ದೇ ಹೆಚ್ಚು. ಯಾವ ಊರಿಗೆ ಹೋದರೂ ನನಗಿಂತ ಮುಂಚೆ ಒಂದು ಸುದ್ದಿ ಹೋಗಿ ಜಗಲಿ ಮೇಲೆ ಕೂತಿರುತ್ತದೆ.

ನನ್ನ ಬಗ್ಗೆಯೇ ಒಂದು ಸುಳ್ಳು ಮೂರೂ ತಾಲ್ಲೂಕಿನಲ್ಲಿ ಹಬ್ಬಿದೆ. ಅದು ನಾನು ಡಾಕ್ಟರು ಅನ್ನುವುದು. ನಾನು ಡಾಕ್ಟರಲ್ಲ, ಪಶುವೈದ್ಯಕೀಯ ಪರೀಕ್ಷಕ. ಡಾಕ್ಟರ ಕೈಕೆಳಗೆ ಊರೂರು ಸುತ್ತಿ ಲಸಿಕೆ ಹಾಕುವವನು. ಹೊಸದರಲ್ಲಿ ಸತ್ಯದ ಮೇಲೆ ಬಹಳ ಪ್ರೀತಿ ಇತ್ತು. ಒಂದು ಊರಲ್ಲಿ "ನಾನು ಡಾಕ್ಟರಲ್ಲ ಕಣ್ರಪ್ಪಾ, ಇನ್ಸ್‌ಪೆಕ್ಟರು" ಅಂದುಬಿಟ್ಟೆ. ಮಾರನೇ ದಿನ ಹೋದರೆ ಊರಿಗೆ ಊರೇ ಬೀಗ ಹಾಕಿಕೊಂಡು ಗದ್ದೆ ಸೇರಿತ್ತು. ಯಾರೋ ಇನ್ಸ್‌ಪೆಕ್ಟರು ದನದ ಡಾಕ್ಟರ ವೇಷದಲ್ಲಿ ಇಸ್ಪೀಟು ಆಡುವವರನ್ನು ಹಿಡಿಯಲು ಬರುತ್ತಾನಂತೆ. ಅವತ್ತಿನಿಂದ ಯಾರು "ಡಾಕ್ಟ್ರೇ" ಅಂದರೂ "ಓ" ಅನ್ನುತ್ತೇನೆ.

೧. ಹೊನ್ನೂರಿನ ಕರು

ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿದ್ದಾಗ ಒಬ್ಬ ಅಜ್ಜನ ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ್ದೆವು. ಹೆಣ್ಣು ಕರು ಹುಟ್ಟಿತು. ಕಪ್ಪು ಬಿಳುಪು, ನೋಡಲು ಬಹಳ ಲಕ್ಷಣವಾಗಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಸುದ್ದಿ ಎದ್ದಿತು. ಅದರ ಅಪ್ಪ ಅಮೆರಿಕಾದ ಹೋರಿಯಂತೆ, ವಿಮಾನದಲ್ಲಿ ಬಂದ ಬೀಜವಂತೆ.

ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ಹಾಕಬೇಕು. ಮೊದಲ ಸಲ ಹಾಕುವಾಗ ಕಿವಿಗೆ ನಂಬರಿನ ಹಳದಿ ಬಿಲ್ಲೆಯನ್ನೂ ಚುಚ್ಚಬೇಕು. ಆ ಕೆಲಸಕ್ಕೆ ಅಜ್ಜನ ಮನೆಗೆ ಹೋದೆ. ಕರು ತೆಂಗಿನ ತೋಟದ ಆ ತುದಿಯಲ್ಲಿತ್ತು. ಅಜ್ಜ ಹೆಗಲ ಮೇಲಿನ ಟವಲು ಕೊಡವಿ, ಗಂಟಲು ಸರಿಮಾಡಿಕೊಂಡು ಕೂಗಿದ: "ಕಮ್! ಕಮ್!"

ಕರು ಬಾಲ ಎತ್ತಿಕೊಂಡು ಓಡಿ ಬಂತು.

"ಇದೇನಜ್ಜ, ಇಂಗ್ಲಿಷ್?"

"ಮತ್ತಿನ್ನೇನ್ ಮಾಡದು ಡಾಕ್ಟ್ರೇ? ಅದರಪ್ಪ ಅಮೆರಿಕಾದವ್ನು. ನಾವು ಬಾ ಬಾ ಅಂದ್ರೆ ಅದುಕ್ಕೆ ಎಂಗೆ ತಿಳೀತದೆ? ಮೊಮ್ಮಗಳ ಕೈಲಿ ಏಳಿಸ್ಕಂಡು ಕಲ್ತೆ."

ನನಗೆ ತಡೆಯಲಾಗಲಿಲ್ಲ. ಆ ಹೋರಿ ನಮ್ಮ ರಾಜ್ಯದ್ದೇ, ಸರ್ಕಾರಿ ಕೇಂದ್ರದಲ್ಲಿ ರಾಗಿಹುಲ್ಲು ತಿಂದು ಬೆಳೆದದ್ದು ಎಂದು ರಿಜಿಸ್ಟರು ತೆಗೆದು ನಂಬರಿನ ಸಮೇತ ತೋರಿಸಿದೆ. ಅಜ್ಜ ಕನ್ನಡಕ ಏರಿಸಿ ಪೂರ್ತಿ ಓದಿದ. ತಲೆ ಆಡಿಸಿದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ:

"ನೀವ್ ಏಳೋದೇ ನಿಜ ಅನ್ನಿ ಸಾ. ಅಂಗಾರೆ ಕಮ್ ಅಂದ್ರೆ ಯಾಕ್ ಬಂತು?"

೨. ಕುಂತೂರಿನ ಎತ್ತು

ಅಲ್ಲಿಂದ ವರ್ಗವಾಗಿ ಕುಂತೂರಿಗೆ ಬಂದೆ. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಒಂದು ದಿನ ಸಾಲಿನ ಕಟ್ಟಕಡೆಯಲ್ಲಿ ಒಂದೇ ಒಂದು ಎತ್ತಿನ ಗಾಡಿ ನಿಂತಿತ್ತು. ಅದರ ಬಲಗಡೆಯ ಎತ್ತಿಗೆ ಕಾಲು ಉಳುಕಿದೆ ಎಂದು ಫೋನು ಬಂತು. ಬೈಕನ್ನು ಕಾರ್ಖಾನೆ ಗೇಟಿನ ಹತ್ತಿರ ಬಿಟ್ಟು, ಸಾಲಿನುದ್ದಕ್ಕೂ ನಡೆದು, ಗಾಡಿ ಹತ್ತಿರ ಹೋದೆ. ನೋಡಿ, ಮುಲಾಮು ತಿಕ್ಕಿ, ಎದ್ದು ನಿಂತು ಹೇಳಿದೆ: "ಎತ್ತನ್ನ ಎರಡು ದಿನ ನಿಲ್ಲಿಸಿಬಿಡಪ್ಪಾ. ಆಮೇಲೆ ನೋಡೋಣ."

ಇಷ್ಟೇ ನಾನು ಹೇಳಿದ್ದು. ವಾಪಸು ನಡೆಯತೊಡಗಿದೆ. ನನ್ನ ಮಾತು ನನಗಿಂತ ಬೇಗ ನಡೆಯುತ್ತಿತ್ತು. ಹತ್ತನೇ ಟ್ರ್ಯಾಕ್ಟರಿನ ಹತ್ತಿರ "ಎರಡ್ ದಿನ ನಿಲ್ಲಿಸ್ಬುಡಿ ಅಂದ್ರಂತೆ ಕಣ್ಲಾ" ಎಂಬುದು ಕೇಳಿಸಿತು. ಮೂವತ್ತನೇದರ ಹತ್ತಿರ "ಡಾಕ್ಟ್ರೇ ಬಂದು ಏಳವ್ರೆ, ಎರಡ್ ದಿನ ಕಬ್ಬು ತಕಳಲ್ವಂತೆ." ಗೇಟು ಮುಟ್ಟುವಷ್ಟರಲ್ಲಿ ಟ್ರ್ಯಾಕ್ಟರುಗಳೆಲ್ಲ ಗುಡುಗುಡು ಎಂದು ಹಿಂದಕ್ಕೆ ತಿರುಗುತ್ತಿದ್ದವು. ಒಬ್ಬ ಡ್ರೈವರು ನನ್ನನ್ನೇ ನಿಲ್ಲಿಸಿ ಬುದ್ಧಿ ಹೇಳಿದ: "ಯಾಕ್ ಸಾ ಸುಮ್ನೆ ಬಿಸುಲಲ್ಲಿ ನಡೀತಿದ್ದೀರಿ? ಮಿಲ್ಲು ಎರಡ್ ದಿನ ಬಂದ್. ಮೇಲಿಂದ ಆರ್ಡರ್ ಆಗದೆ."

"ಯಾರಪ್ಪ ಹೇಳಿದ್ದು?"

"ಯಾರೋ ದೊಡ್ಡ ಡಾಕ್ಟ್ರು."

ರಸ್ತೆ ಖಾಲಿ. ತೂಕದ ಕಟ್ಟೆಯವನು ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಎರಡೂ ಕಡೆ ನೋಡಿದ. ಆಗ ದೂರದಲ್ಲಿ ಆ ಒಂದೇ ಒಂದು ಗಾಡಿ ಕಾಣಿಸಿತು. ಉಳುಕಿದ ಎತ್ತನ್ನು ಬಿಚ್ಚಿ ಹಿಂದೆ ಕಟ್ಟಿ, ಯಜಮಾನ ತಾನೇ ನೊಗಕ್ಕೆ ಹೆಗಲು ಕೊಟ್ಟಿದ್ದ. ಕಬ್ಬು ಕಡಿಯುವ ನಾಲ್ಕು ಜನ ಹಿಂದಿನಿಂದ ನೂಕುತ್ತಿದ್ದರು. ಸಾಲಿನ ಕಟ್ಟಕಡೆಯವನು ಎಲ್ಲರಿಗಿಂತ ಮೊದಲು ಒಳಗೆ ಹೋದ.

ಟ್ರ್ಯಾಕ್ಟರಿನವರೆಲ್ಲ ನನಗೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಆ ಗಾಡಿಯವನು ಮಾತ್ರ ಇಂದಿಗೂ ನನ್ನ ಅಭಿಮಾನಿ. ಮುಂದಿನ ವಾರ ಸಾಲಿನಲ್ಲಿ ನಿಂತಾಗಲೇ ಫೋನು ಮಾಡಿದ:

"ಡಾಕ್ಟ್ರೇ, ಎತ್ತು ಚೆನ್ನಾಗದೆ. ಸುಮ್ನೆ ಬಂದ್ಬುಟ್ಟು, ಅವತ್ತಿನ ಮಾತ್ನೇ ಇನ್ನೊಂದ್ ಸಲ ಗಟ್ಟಿಯಾಗಿ ಏಳಿ ಓಗಿ."

೩. ಹನ್ನೆರಡು ದಿನದ ಸತ್ಯ

ಗಾಳಿಸುದ್ದಿ ಎಲ್ಲವೂ ಸುಳ್ಳು ಎಂದು ನಾನು ನಂಬಿದ್ದೆ. ಆ ನಂಬಿಕೆಯನ್ನು ಮುರಿದವಳು ಕೊಳ್ಳೇಗಾಲದಲ್ಲಿ ನಮ್ಮ ಬೀದಿಗೆ ಬರುವ ಸೊಪ್ಪಿನವಳು. ಒಂದು ಬೆಳಿಗ್ಗೆ ನನ್ನ ಹೆಂಡತಿಗೆ ಕೀರೆಸೊಪ್ಪಿನ ಕಟ್ಟು ಕೊಡುತ್ತಾ, "ಯಜಮಾನ್ರು ಲೊಕ್ಕನಳ್ಳಿಗೆ ಓಯ್ತಾವ್ರಂತೆ ಕಣವ್ವ, ಕಾಡ್ ಪಕ್ಕ" ಅಂದಳಂತೆ.

ನಾನು ನಕ್ಕೆ. ಆಫೀಸಿಗೆ ಫೋನು ಮಾಡಿ ವಿಚಾರಿಸಿದೆ. ಅಂಥ ವರ್ಗಾವಣೆಯ ಫೈಲೇ ಇಲ್ಲ ಅಂದರು. "ನೋಡು, ಇದು ಅಧಿಕೃತ ಮಾಹಿತಿ. ಸೊಪ್ಪಿನವಳ ಮಾತು ಕೇಳಿಕೊಂಡು ಕುಣಿಯಬೇಡ" ಎಂದು ಹೆಂಡತಿಗೆ ಪಾಠ ಮಾಡಿದೆ. ಅವಳು ನನ್ನ ಪಾಠ ಕೇಳುತ್ತಲೇ ಉಣ್ಣೆಯ ಟೋಪಿ, ಟಾರ್ಚು, ಉಪ್ಪಿನಕಾಯಿ ಜಾಡಿ ಒಂದು ಚೀಲಕ್ಕೆ ತುಂಬುತ್ತಿದ್ದಳು. ದಿನವೂ ನಾನು ವಾದ ಮಾಡಿದೆ. ದಿನವೂ ಚೀಲ ದಪ್ಪಗಾಯಿತು.

ಹನ್ನೆರಡನೇ ದಿನ ವರ್ಗಾವಣೆ ಆದೇಶ ಬಂತು. ಲೊಕ್ಕನಹಳ್ಳಿ.

ನನ್ನ ಮುಖ ನೋಡಲಾಗದೆ ನಮ್ಮ ಅಟೆಂಡರು ಸಮಾಧಾನ ಹೇಳಿದ: "ಬೇಜಾರ್ ಮಾಡ್ಕಬೇಡಿ ಸಾ. ಸುದ್ದಿ ಟೈಮ್‌ಗೇ ಬಂದಿತ್ತು. ನಿಜ ಲೇಟಾಯ್ತು ಅಷ್ಟೆಯ."

೪. ಲೊಕ್ಕನಹಳ್ಳಿಯ ಬೆಂಚು

ಲೊಕ್ಕನಹಳ್ಳಿಯಲ್ಲಿ ಬಸ್ಸಿಳಿದರೆ ಎದುರಿಗೇ ಟೀ ಅಂಗಡಿ. ನಡೆಸುವವಳು ನಲವತ್ತರ ಆಸುಪಾಸಿನ ಹೆಂಗಸು, ಊರಿಗೆಲ್ಲ ಅಕ್ಕ. ಅವಳ ಒಲೆಯ ಮುಂದೆ ಹಾಯದೆ ಯಾವ ಸುದ್ದಿಯೂ ಊರೊಳಗೆ ಹೋಗುವಂತಿಲ್ಲ. ಅಂಗಡಿ ಪಕ್ಕದ ಗೂಟದಲ್ಲಿ ಅವಳ ಹಸು. ಕಪ್ಪು ಬಿಳುಪಿನ ದೊಡ್ಡ ಹಸು. ಒಂದು ಕಿವಿಗೆ ಅರಿಶಿನ ಹಚ್ಚಿದ ಬಟ್ಟೆ ಸುತ್ತಿತ್ತು. ದೃಷ್ಟಿಯಾಗದಿರಲಿ ಎಂದು ಮಾದಪ್ಪನಿಗೆ ಕಟ್ಟಿದ ಹರಕೆಯಂತೆ. ಆ ಹಾಲಿನ ಟೀ ಬಲು ಗಟ್ಟಿ.

ಮೊದಲ ದಿನವೇ ಬೆಂಚಿನ ಮೇಲೆ ಕೂತು, ಮುಂದಿನ ವಾರ ಕಾಲುಬಾಯಿ ಜ್ವರದ ಲಸಿಕೆ ಇದೆ, ಎಲ್ಲರೂ ದನ ಕರೆತನ್ನಿ ಎಂದೆ. "ಆಲಿಗೇನಾರಾ ತೊಂದ್ರೆ ಆಯ್ತದಾ ಸಾ?" ಎಂದು ಒಬ್ಬರು ಕೇಳಿದರು. ನಾನು ಸತ್ಯವಂತ. "ಒಂದೆರಡು ದಿನ ಸ್ವಲ್ಪ ಕಮ್ಮಿ ಆಗಬಹುದು, ಆಮೇಲೆ ಎಂದಿನಂತೆ ಬರುತ್ತೆ" ಅಂದೆ. ಅಕ್ಕ ಟೀ ಸೋಸುತ್ತಾ "ಎರಡ್ ದಿನವಾ?" ಅಂದಳು. ಅಷ್ಟೇ.

ಮಾರನೇ ದಿನಕ್ಕೆ ಅದು ಎರಡು ವಾರವಾಗಿತ್ತು. ಸಂತೆಯ ದಿನಕ್ಕೆ ಎರಡು ತಿಂಗಳು. ಲಸಿಕೆಯ ದಿನ ನಾನು ಐಸ್ ಪೆಟ್ಟಿಗೆ ಹೊತ್ತುಕೊಂಡು ಬರುವಷ್ಟರಲ್ಲಿ ಕೆಚ್ಚಲೇ ಒಣಗಿಹೋಗುತ್ತದೆ ಎಂಬಲ್ಲಿಗೆ ಮುಟ್ಟಿತ್ತು. ಹುಣಸೆಮರದ ಕೆಳಗೆ ಮಧ್ಯಾಹ್ನದ ತನಕ ಕೂತೆ. ಬಂದದ್ದು ಒಂದು ನಾಯಿ.

ನನಗೆ ನಿಜಕ್ಕೂ ಭಯವಾಯಿತು. ಯಾಕೆಂದರೆ ತಮಿಳುನಾಡಿನ ಗಡಿ ಕಡೆಯ ಬೆಟ್ಟದೂರುಗಳಲ್ಲಿ ಆಗಲೇ ಕಾಲುಬಾಯಿ ಜ್ವರ ಕಾಣಿಸಿಕೊಂಡಿತ್ತು. ದನಗಳು ಮೇಯುವುದು ಒಂದೇ ಕಾಡಂಚಿನಲ್ಲಿ. ಸರ್ವಿಸಿನ ಮೊದಲ ವರ್ಷ ಆ ರೋಗ ನೋಡಿದ್ದೇನೆ. ಬಾಯೆಲ್ಲ ಹುಣ್ಣಾದ ಎತ್ತು ಹಸಿಹುಲ್ಲಿನ ಮುಂದೆ ನಿಂತು ಜೊಲ್ಲು ಸುರಿಸುತ್ತಿತ್ತು, ತಿನ್ನಲಾಗುತ್ತಿರಲಿಲ್ಲ. ಅದರ ಯಜಮಾನ ಹುಲ್ಲು ಹಿಡಿದುಕೊಂಡು ಅಳುತ್ತಿದ್ದ. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ.

ಬೆಂಚಿನ ಹತ್ತಿರ ಹೋಗಿ ಹೇಳಿದೆ: "ರೋಗ ಬೆಟ್ಟದವರೆಗೆ ಬಂದಿದೆ ಕಣ್ರಪ್ಪಾ."

"ಅದು ಗಾಳಿಸುದ್ದಿ ಸಾ" ಅಂದರು.

ಮೊಬೈಲಿನಲ್ಲಿ ಫೋಟೋ ತೋರಿಸಿದೆ.

"ಮೊಬೈಲಲ್ಲಿ ಬರದೆಲ್ಲ ನಂಬಬೇಡಿ ಅಂತ ಮೊನ್ನೆ ನೀವೇ ಏಳುದ್ರಲ್ಲ ಸಾ!"

ಎಲ್ಲರಿಗಿಂತ ಗಟ್ಟಿ ಆಸಾಮಿ ಒಬ್ಬ ಮುದುಕ. ಎರಡು ಎತ್ತು ಬಿಟ್ಟರೆ ಅವನಿಗೆ ಇನ್ನೊಂದು ಆಧಾರವಿಲ್ಲ. ಉಳುಮೆ, ಗಾಡಿ, ಎಲ್ಲ ಅವುಗಳಿಂದಲೇ. ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ: "ಯಜಮಾನ್ರೇ, ಸೂಜಿ ಹಾಕಿದರೆ ಹಾಲು ಒಣಗುತ್ತೆ ಅಂತೀರಿ. ನಿಮ್ಮವು ಎತ್ತಲ್ವಾ? ಅವುಗಳಲ್ಲಿ ಒಣಗೋಕೆ ಏನಿದೆ?"

ಮುದುಕ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಅಸೀಗೆ ಆಲು ಒಣುಗ್ತದೆ. ಎತ್ತಿಗೆ ಏನ್ ಒಣುಗ್ತದೋ ಯಾರ್ ಕಂಡವ್ರೆ ಸಾ?" ಅಂದ.

ಅಕ್ಕನಂತೂ ಒಲೆ ಮುಂದೆ ಘೋಷಣೆಯನ್ನೇ ಮಾಡುತ್ತಿದ್ದಳು: "ನನ್ನಸೀಗೆ ಒಂದ್ ಸೂಜೀನೂ ತಗುಲ್ಸಿಲ್ಲ. ಅದುಕ್ಕೇ ಇಂಥ ಆಲು." ಊರವರು ಟೀ ಹೀರಿ ಹೌದು ಹೌದು ಎಂದು ತಲೆದೂಗುತ್ತಿದ್ದರು.

ತಂದ ಲಸಿಕೆಯನ್ನು ಮೂರು ದಿನದಲ್ಲಿ ಮುಗಿಸಬೇಕಿತ್ತು. ಇಲ್ಲದಿದ್ದರೆ ವಾಪಸು ಕಳಿಸಬೇಕು. ಎರಡು ದಿನ ಹೋಯಿತು. ಮೂರನೇ ದಿನ ಬೆಳಿಗ್ಗೆ ಸೋತ ಮುಖ ಹೊತ್ತು ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದೆ. ಅಷ್ಟರಲ್ಲಿ ಅಕ್ಕನ ಹಸು ಗೂಟ ಕಿತ್ತುಕೊಂಡು ಎದುರಿಗಿದ್ದ ಆ ಮುದುಕನ ಅವರೆ ಹೊಲಕ್ಕೆ ನುಗ್ಗಿತು. ಜನ ಹೋ ಎಂದು ಕೂಗಿದರು, ಕಲ್ಲು ತೂರಿದರು. ಹಸು ತಲೆ ಎತ್ತಲಿಲ್ಲ. ಅಕ್ಕ ಸೌಟು ಹಿಡಿದೇ ಓಡಿ ಬಂದು, ಗಾಬರಿಯಲ್ಲಿ ಬಾಯಿಬಿಟ್ಟಳು:

"ಕಮ್! ಕಮ್!"

ಹಸು ಬಾಯಲ್ಲಿದ್ದ ಅವರೆ ಬಳ್ಳಿ ಸಮೇತ ತಿರುಗಿ, ಬಾಲ ಎತ್ತಿಕೊಂಡು ಓಡಿ ಬಂತು.

ನಾನು ಲೋಟ ಕೆಳಗಿಟ್ಟೆ. ಮೂರು ತಾಲ್ಲೂಕಿನಲ್ಲಿ ಕಮ್ ಅಂದರೆ ಬರುವ ಹಸು ಒಂದೇ ಒಂದು.

"ಅಕ್ಕಾ, ನಿಮ್ಮ ತವರೂರು ಯಾವುದು?"

ಹಸುವಿನ ಮೇಲೆ ಎತ್ತಿದ್ದ ಸೌಟು ಅರ್ಧದಲ್ಲೇ ನಿಂತಿತು. "ಯಾಕ್ ಸಾ? ಒನ್ನೂರು."

"ಈ ಹಸು ಕೊಟ್ಟದ್ದು ನಿಮ್ಮಪ್ಪನಾ?"

ಅಕ್ಕ ಒಲೆಯ ಕಡೆ ತಿರುಗಿ, ಇಲ್ಲದ ಬೂದಿ ಕೆದಕತೊಡಗಿದಳು.

ಲೊಕ್ಕನಹಳ್ಳಿಯಲ್ಲಿ ನನ್ನ ಮೊಬೈಲಿಗೆ ಸಿಗ್ನಲ್ ಸಿಗುವುದು ಆ ಬೆಂಚಿನ ಬಲತುದಿಯಲ್ಲಿ ಮಾತ್ರ, ಅದೂ ಮೇಲೆ ಹತ್ತಿ ನಿಂತರೆ. ಹತ್ತಿ ನಿಂತೆ. ಹೊನ್ನೂರಿನಲ್ಲಿ ನನ್ನ ಜಾಗಕ್ಕೆ ಬಂದವರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿದೆ.

"ಆ ಅಜ್ಜನ ಕಮ್ ಕಮ್ ಹಸು ಗೊತ್ತಲ್ವಾ? ರಿಜಿಸ್ಟರು ನೋಡಿ ಹೇಳಿ. ಎಷ್ಟು ಸಲ ಲಸಿಕೆ ಆಗಿದೆ?"

ಹಾಳೆ ತಿರುವುವ ಸದ್ದು ಇಡೀ ಬಸ್‌ಸ್ಟ್ಯಾಂಡಿಗೆ ಕೇಳಿಸಿತು. "ಏಳು ಸಲ. ಮೊದಲ ಮೂರು ನೀವೇ ಹಾಕಿದ್ದೀರಿ ಸಾರ್. ಹೋದ ವರ್ಷ ಅಜ್ಜ ಅದನ್ನ ಲೊಕ್ಕನಹಳ್ಳಿಗೆ ಮಗಳ ಮನೆಗೆ ಕೊಟ್ಟುಬಿಟ್ಟ. ಬಿಲ್ಲೆ ನಂಬರಿನ ಕೊನೆ ನಾಲ್ಕು ಅಂಕಿ ಬರೆದುಕೊಳ್ಳಿ: ನಾಲ್ಕು, ಏಳು, ಒಂದು, ಒಂಬತ್ತು."

ಬೆಂಚಿನ ಮೇಲಿನಿಂದಲೇ ಹೇಳಿದೆ: "ಕೇಳಿಸಿತಲ್ಲ? ಆ ಬಟ್ಟೆ ಬಿಚ್ಚಿ. ಒಳಗೆ ಈ ನಂಬರು ಇಲ್ಲದಿದ್ದರೆ ನಾನು ಈಗಲೇ ಪೆಟ್ಟಿಗೆ ಎತ್ತಿಕೊಂಡು ಹೋಗ್ತೀನಿ. ಇದ್ದರೆ ಮಧ್ಯಾಹ್ನದೊಳಗೆ ಊರಿನ ದನವೆಲ್ಲ ಹುಣಸೆಮರದ ಕೆಳಗೆ ಇರಬೇಕು."

ಹೇಳಿದ್ದು ಜೋರಾಗಿಯೇ. ಧೈರ್ಯ ಮಾತ್ರ ಅಷ್ಟಿರಲಿಲ್ಲ. ಬೇಲಿಗೆ ಸಿಕ್ಕಿ ಬಿಲ್ಲೆ ಬಿದ್ದುಹೋಗಿರುವ ಹಸುಗಳನ್ನು ಬೇಕಾದಷ್ಟು ನೋಡಿದ್ದೇನೆ.

"ಅರಕೆ ಬಟ್ಟೆ, ಬಿಚ್ಚಬಾರ್ದು!" ಎಂದಳು ಅಕ್ಕ. ಆದರೆ ಅವರೆ ಕಳೆದುಕೊಂಡ ಮುದುಕ ಆಗಲೇ ಹಸುವಿನ ಪಕ್ಕದಲ್ಲಿದ್ದ. "ಮಾದಪ್ಪ ನಿಜ ನೋಡುದ್ರೆ ಬೇಡ ಅಂದನಾ?" ಎನ್ನುತ್ತಾ ಗಂಟು ಬಿಚ್ಚಿಯೇಬಿಟ್ಟ.

ಹಳದಿ ಬಿಲ್ಲೆ! ಕೊಳೆ ಮೆತ್ತಿಕೊಂಡಿತ್ತು. ಮುದುಕ ಎಂಜಲು ಹಚ್ಚಿ ಹೆಬ್ಬೆರಳಿನಲ್ಲಿ ಉಜ್ಜಿ, ಒಂದೊಂದೇ ಅಂಕಿ ಓದಿದ. "ನಾಕು... ಏಳು... ಒಂದು..." ಅಷ್ಟಕ್ಕೆ ಹಸು ತಲೆ ಕೊಡವಿತು. ಮುದುಕ ಕಿವಿ ಹಿಡಿದು ಮತ್ತೆ ಉಜ್ಜಿದ. ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ಕತ್ತು ಚಾಚಿದರು.

"ಒಂಬತ್ತು ಕಣ್ಲಾ!"

ನಾನು ಬೆಂಚಿನ ಮೇಲೆ ಎರಡೂ ಕೈ ಎತ್ತಿ ಕುಣಿದೆ ಎಂದು ಅಲ್ಲಿದ್ದವರು ಹೇಳುತ್ತಾರೆ. ಇದು ಗಾಳಿಸುದ್ದಿಯಲ್ಲ, ನಿಜ.

ಜನ ಹಸುವನ್ನು ನೋಡಿದರು. ಕೈಯಲ್ಲಿದ್ದ ಟೀ ನೋಡಿದರು. "ಅಂಗಾರೆ ವರ್ಸದಿಂದ ನಾವ್ ಕುಡೀತಿದ್ದದ್ದು ಸೂಜಿ ಆಕ್ಸ್ಕಂಡ ಅಸೀನ ಆಲಾ?" ಎಂದ ಒಬ್ಬ. ಎಲ್ಲರೂ ಮತ್ತೊಂದು ಗುಟುಕು ಹೀರಿ ನೋಡಿದರು. ಆಮೇಲೆ ಇನ್ನೊಬ್ಬನ ಮುಖ ಅರಳಿತು: "ಅದುಕ್ಕೇ ಕಣ್ಲಾ ಇಷ್ಟು ಗಟ್ಟಿ!"

ನಾನು ತಿದ್ದಲು ಬಾಯಿ ತೆರೆದೆ. ಸೂಜಿಗೂ ಹಾಲಿನ ಗಟ್ಟಿತನಕ್ಕೂ ಸಂಬಂಧವಿಲ್ಲ ಎನ್ನುವುದು ವಿಜ್ಞಾನ. ಆದರೆ ಜನ ಆಗಲೇ ದನ ಬಿಚ್ಚಲು ಓಡುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

ಎಲ್ಲರೂ ಹೋದ ಮೇಲೆ ಅಕ್ಕನ ಎದುರು ನಿಂತೆ. ಸಿಟ್ಟು ನೆತ್ತಿಗೇರಿತ್ತು. "ಸೂಜಿ ಹಾಕಿದ ಹಸು ಹೇಗೆ ಹಾಲು ಕೊಡುತ್ತೆ ಅಂತ ಈ ಊರಲ್ಲಿ ನಿಮಗೊಬ್ಬರಿಗೇ ಗೊತ್ತಿತ್ತು. ಯಾಕಕ್ಕ ಹೀಗೆ ಮಾಡಿದ್ರಿ?"

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಂದಿಷ್ಟೂ ಮುಚ್ಚಿಡದೆ ಹೇಳಿದಳು: "ತೆಪ್ಪಾಯ್ತು ಸಾ. ಸೂಜಿ ಒಳ್ಳೇದು ಅಂದ್ರೆ ಒಂದೇ ಮಾತು. ಊ ಅಂತ ಟೀ ಕುಡುದು ಎದ್ದೋಯ್ತಾರೆ. ಕೆಟ್ಟದ್ದು ಅನ್ನಿ, ಯಾವೂರಲ್ಲಿ, ಯಾರಸೀಗೆ, ಯಾವಾಗ ಅಂತ ಕೂತ್ಕಂಡು ಇನ್ನೊಂದ್ ಟೀ ಯೋಳ್ತಾರೆ."

ಇಪ್ಪತ್ತು ವರ್ಷದಲ್ಲಿ ಈ ವಿಷಯವನ್ನು ನನಗೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ನಗು ಬಂದುಬಿಟ್ಟಿತು. ಮೊದಲ "ಎರಡು ದಿನ"ವನ್ನು ಅವಳ ಒಲೆಗೆ ಹಾಕಿದವನು ನಾನೇ ಎನ್ನುವುದೂ ನೆನಪಾಯಿತು. ಅವತ್ತು ಮೊದಲ ಸೂಜಿ ಹಾಕಿಸಿಕೊಂಡದ್ದು ಅದೇ ಕಮ್ ಕಮ್ ಹಸು. ಎಂಟನೇ ಸಲ, ಊರವರೆಲ್ಲರ ಎದುರಿಗೆ. ಸಂಜೆಯ ಹೊತ್ತಿಗೆ ಪೆಟ್ಟಿಗೆ ಖಾಲಿ. ಮುದುಕನ ಎರಡು ಎತ್ತುಗಳೂ ಸಾಲಿನಲ್ಲಿದ್ದವು.

೫. ಚೊಂಬು

ಹದಿನೈದು ದಿನ ಕಳೆಯುವುದರೊಳಗೆ ರೋಗ ಬೆಟ್ಟ ಇಳಿದು ಬಂತು. ಕಾಡಂಚಿನಲ್ಲಿ ಬೇರೆ ಊರಿನ ದನಗಳು ಕುಂಟಿದವು, ಜೊಲ್ಲು ಸುರಿಸಿದವು. ನಾನು ಪ್ರತಿದಿನ ಬೆಳಿಗ್ಗೆ ಲೊಕ್ಕನಹಳ್ಳಿಯ ಕೊಟ್ಟಿಗೆ ಕೊಟ್ಟಿಗೆಗೂ ಹೋಗಿ ದನಗಳ ಬಾಯಿ ಬಿಡಿಸಿ ನೋಡಿದೆ. ಒಂದು ಹುಣ್ಣಿಲ್ಲ. ಒಂದು ಹಸುವೂ ಒಂದು ಹೊತ್ತಿನ ಮೇವು ಬಿಡಲಿಲ್ಲ. ಮುದುಕನ ಎತ್ತುಗಳು ನನ್ನ ಕಣ್ಣೆದುರೇ ಹೊಲ ಉತ್ತವು. ಗೆದ್ದೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬೆಂಚಿನ ಮೇಲೆ ಕಾಲು ಚಾಚಿ ಕೂತು ಅಕ್ಕನಿಗೆ ಹೇಳಿದೆ, ನಿಜದ ಸುದ್ದಿಗೂ ಎರಡು ಟೀ.

ಆರು ತಿಂಗಳಿಗೆ ಮತ್ತೆ ಲಸಿಕೆ ಬಂತು. ಈ ಸಲ ಸಾರುವುದೇ ಬೇಕಾಗಲಿಲ್ಲ. ಬೈಕು ನಿಲ್ಲಿಸುವ ಮುಂಚೆ ಹುಣಸೆಮರದಿಂದ ಬಸ್‌ಸ್ಟ್ಯಾಂಡಿನವರೆಗೆ ದನದ ಸಾಲು. ಎಲ್ಲರಿಗಿಂತ ಮುಂದೆ ಆ ಮುದುಕ. ಎರಡೂ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿದ್ದ. ಅವನ ಕೈಯಲ್ಲಿ ಬೆಳಗಿದ ಹಿತ್ತಾಳೆ ಚೊಂಬು.

ನನಗೆ ಬಹಳ ಸಂತೋಷವಾಯಿತು. "ಏನ್ ಯಜಮಾನ್ರೇ, ನನಗೆ ಕುಡಿಯೋಕೆ ನೀರು ತಂದ್ರಾ?"

"ಇಲ್ಲ ಸಾ, ಬರೀ ಚೊಂಬು" ಎಂದು ತಲೆಕೆಳಗು ಮಾಡಿ ತೋರಿಸಿದ. "ಈ ಸೂಜಿ ಆಕ್ಸುದ್ರೆ ಆಲು ಎಚ್ಚಾಯ್ತದಂತೆ. ಊರೆಲ್ಲ ಯೋಳ್ತಾವ್ರೆ."

"ಯಜಮಾನ್ರೇ! ಇವು ಎತ್ತುಗಳು!"

ಮುದುಕ ನನ್ನನ್ನು ಕನಿಕರದಿಂದ ನೋಡಿದ. ನಲವತ್ತು ವರ್ಷ ಎತ್ತು ಕಟ್ಟಿದವನಿಗೆ ನಾನು ಎತ್ತು ಯಾವುದೆಂದು ಹೇಳಿಕೊಡುತ್ತಿದ್ದೆ.

"ಎತ್ತು ಅನ್ನೋದು ನಂಗೊತ್ತಿಲ್ವಾ ಸಾ? ಅದು ನಿಜವೇ. ಆದ್ರೆ ಊರೆಲ್ಲ ಯೋಳ್ತಿರುವಾಗ, ಚೊಂಬಿಲ್ದೆ ಬರಕಾಯ್ತದಾ?"